ಕೈ ತೆಗೆದ ಮರುಗಳಿಗೆ

ನಮ್ಮ ಮನೆಯಲ್ಲಿ ಗ್ರಾಮಫೋನಿನ ತಟ್ಟೆ ತಿರುಗುತ್ತಿರುವಾಗ ಅದನ್ನು ಬೆರಳಿಂದ ಮುಟ್ಟುವುದು, ನೈವೇದ್ಯಕ್ಕಿಟ್ಟ ಪಾಯಸವನ್ನು ಮಂಗಳಾರತಿಗೆ ಮೊದಲೇ ರುಚಿ ನೋಡಿದಷ್ಟು ದೊಡ್ಡ ಅಪರಾಧವಾಗಿತ್ತು. ಸಂಜೆ ದೀಪ ಹಚ್ಚಿದ ತರುವಾಯ ನಮ್ಮ ತಂದೆಯವರು ಕೈಕಾಲು ತೊಳೆದು ಬಂದು, ಸೂಟುಕೇಸಿನ ಆಕಾರದ ಎಚ್‌ಎಂವಿ ಫಿಯೆಸ್ಟಾ ಯಂತ್ರದ ಮುಚ್ಚಳ ತೆರೆದು, ಮುದ್ರಿಕೆಯನ್ನು ಕಾಗದದ ಚೀಲದಿಂದ ಅಂಚಿನಲ್ಲಿ ಮಾತ್ರ ಹಿಡಿದು ತೆಗೆದು, ಹಳೆಯ ಪಂಚೆಯ ತುಂಡಿನಿಂದ ಒರಸಿ, ಉಸಿರು ಬಿಗಿಹಿಡಿದು ಮುಳ್ಳನ್ನು ಇಳಿಸುತ್ತಿದ್ದರು. ಮಕ್ಕಳಾದ ನಾವು ಚಾಪೆಯ ಮೇಲೆ ಕೈಕಟ್ಟಿ ಕುಳಿತು ಕೇಳತಕ್ಕದ್ದು, ಅಷ್ಟೇ. ಒಮ್ಮೆ, ಏನಾಗುವುದೋ ನೋಡೋಣವೆಂಬ ಶುದ್ಧ ಜಿಜ್ಞಾಸೆಯಿಂದ, ತೋರುಬೆರಳನ್ನು ಆ ತಟ್ಟೆಯ ಅಂಚಿಗೆ ತಾಗಿಸಿದೆ. ಹಾಡುತ್ತಿದ್ದ ಮಹನೀಯರ ಕಂಠವು ಬಾವಿಗೆ ಬಿಟ್ಟ ಕೊಡದಂತೆ ಗುಡುಗುಡು ಎನ್ನುತ್ತ ಕೆಳಗಿಳಿಯಿತು. ಅದು ತಳ ಮುಟ್ಟುವುದರೊಳಗಾಗಿ ತಂದೆಯವರ ಕೈ ನನ್ನ ಬೆನ್ನನ್ನು ಮುಟ್ಟಿತ್ತು.

ಅಂಥ ಶಿಕ್ಷಣದಲ್ಲಿ ಬೆಳೆದ ನನ್ನೆದುರಿಗೆ ಒಂದು ಭಾನುವಾರ ಬೆಳಿಗ್ಗೆ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ವರ್ಷವೂ ತುಂಬದ ನನ್ನ ತಂಗಿಯ ಮಗ ಬಂದು ಕುಳಿತು, ತಿರುಗುವ ತಟ್ಟೆಯನ್ನು ಮುಟ್ಟುವುದಕ್ಕೆಂದೇ, ಮುಟ್ಟುವುದಷ್ಟೇ ಏನು, ತಡೆಯುವುದಕ್ಕೂ ನೂಕುವುದಕ್ಕೂ ಹಿಂದಕ್ಕೆಳೆಯುವುದಕ್ಕೂ ಎಂದೇ ಎರಡು ಟರ್ನ್‌ಟೇಬಲ್‌ಗಳನ್ನು ಕೊಳ್ಳಲಿದ್ದೇನೆಂದು ಹೇಳಿದಾಗ, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. “ಅರವತ್ತು ಸಾವಿರ ಕೂಡಿಸಿದೀನಿ ಮಾವ. ಮಿಕ್ಸರು, ಮುಳ್ಳು, ವೈರು ಎಲ್ಲಾ ಅಷ್ಟರಲ್ಲೇ ಆಗ್ಬೇಕು. ನೀವು ಜೊತೆಗೆ ಬನ್ನಿ, ನಿಮಗೆ ಪ್ಲೇಯರ್ ವಿಷಯ ಗೊತ್ತಲ್ಲ” ಎಂದ. ಆ ವಿಷಯದಲ್ಲಿ ನನಗೆ ನಿಸ್ಸಂದೇಹವಾಗಿ ಗೊತ್ತಿದ್ದುದು ಮುಟ್ಟಬಾರದೆಂಬುದೊಂದೇ. ಆದರೂ ಒಪ್ಪಿದೆ, ಒಪ್ಪುವುದಕ್ಕೆ ನನ್ನದೇ ಒಂದು ಗುಪ್ತ ಕಾರಣವೂ ಇತ್ತು. ನಮ್ಮ ಅಜ್ಜಿಯ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಮುದ್ರಿಕೆಗಳು ಒಂದು ಕಬ್ಬಿಣದ ಪೆಟ್ಟಿಗೆಯ ತುಂಬ ನಮ್ಮ ಅಟ್ಟದ ಮೇಲಿವೆ. ಅವುಗಳನ್ನು ನುಡಿಸುವ ಯಂತ್ರ ಮನೆಯಲ್ಲಿ ಇಲ್ಲವಾಗಿ ಬಹಳ ಕಾಲವಾಗಿತ್ತು. ಹುಡುಗನ ಹಣದಲ್ಲಿ ನನ್ನ ಅಜ್ಜಿಯ ಋಣ ತೀರುವುದಾದರೆ ತೀರಲಿ ಎಂಬ ದುರಾಲೋಚನೆ ಆ ಹೊತ್ತೇ ನನ್ನೊಳಗೆ ಮೊಳೆಯಿತು.

ಮುಂದುವರಿಯುವ ಮೊದಲು ಒಂದು ಶಬ್ದದ ಜಂಜಾಟವನ್ನು ಬಿಡಿಸಿಕೊಳ್ಳಬೇಕು. ನಮ್ಮ ನಾಡಿನಲ್ಲಿ ಈಗ ‘ಡಿಜೆ’ ಎಂದರೆ ಗಣಪತಿ ವಿಸರ್ಜನೆಯ ದಿನ ಟ್ರ್ಯಾಕ್ಟರಿನ ಮೇಲೆ ಆಳೆತ್ತರ ಒಟ್ಟಿದ ಸ್ಪೀಕರ್ ಪೆಟ್ಟಿಗೆಗಳು. “ಈ ಸಲ ಡಿಜೆ ಹಾಕಿಸಿದ್ದಾರೆ” ಎಂದರೆ ಕಿಟಕಿಯ ಗಾಜು ನಡುಗಲಿದೆ ಎಂದರ್ಥ. ಪೊಲೀಸರು ಡಿಜೆ ನಿಷೇಧಿಸಿದರೆಂದರೆ ಒಂದು ಗದ್ದಲವನ್ನು ನಿಷೇಧಿಸಿದರೆಂದು ತಿಳಿಯತಕ್ಕದ್ದು. ಆ ಗೋಪುರದಲ್ಲಿ ಎಲ್ಲಿಯೂ ತಟ್ಟೆಯೊಂದು ತಿರುಗುತ್ತಿರುವುದಿಲ್ಲ. ಆ ಎರಡಕ್ಷರಗಳ ಮೂಲವಾದ ‘ಡಿಸ್ಕ್ ಜಾಕಿ’ ಎಂಬ ಮಾತಿನಲ್ಲಾದರೋ ಕುದುರೆಯ ಸವಾರನಿದ್ದಾನೆ, ತಟ್ಟೆಯೇ ಅವನ ಕುದುರೆ. ನಮ್ಮ ಹುಡುಗನು ಬಯಸಿದ್ದು ಈ ಸವಾರಿಯನ್ನು. ಅವನ ತಾಯಿ ಮೊದಲ ಅರ್ಥವನ್ನೇ ಗ್ರಹಿಸಿ ಎರಡು ದಿನ ಊಟ ಬಿಟ್ಟಿದ್ದಳಂತೆ.

ಈ ವಿದ್ಯೆ ಹುಟ್ಟಿದ್ದೇ ಹಣವಿಲ್ಲದವರ ಕೇರಿಯಲ್ಲಿ ಎಂಬುದನ್ನು ತಿಳಿದ ಮೇಲೆ ಅವನ ಅರವತ್ತು ಸಾವಿರ ನನಗೆ ಅಷ್ಟೊಂದು ಬಡಕಲಾಗಿ ಕಾಣಲಿಲ್ಲ. ಜಮೈಕಾ ದ್ವೀಪದ ಕಿಂಗ್ಸ್‌ಟನ್ನಿನಿಂದ 1967ರಲ್ಲಿ ಬಾಲಕನಾಗಿ ನ್ಯೂಯಾರ್ಕಿಗೆ ಬಂದು, ಬ್ರಾಂಕ್ಸ್ ಭಾಗದಲ್ಲಿ ನೆಲೆಸಿದ ಕ್ಲೈವ್ ಕ್ಯಾಂಪ್‌ಬೆಲ್ ಎಂಬಾತ, ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು, 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ವಸತಿಗೃಹದ ಕೆಳಕೋಣೆಯಲ್ಲಿ ತಟ್ಟೆಗಳನ್ನು ನುಡಿಸಿದ. ಶಾಲೆ ಪುನಃ ತೆರೆಯುವ ಮುನ್ನ ಹೊಸ ಬಟ್ಟೆಗೆ ನಾಲ್ಕು ಕಾಸು ಮಾಡಿಕೊಳ್ಳೋಣವೆಂದು ಅವನ ತಂಗಿ ಸಿಂಡಿ ಏರ್ಪಡಿಸಿದ ಕೂಟ ಅದು. ಹೆಣ್ಣುಮಕ್ಕಳಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶಧನ. ಧ್ವನಿವರ್ಧಕಗಳು ತಂದೆಯವು. ಹಾಡಿನ ನಡುವೆ ಎಲ್ಲ ವಾದ್ಯಗಳೂ ಸರಿದು ತಾಳವಾದ್ಯವೊಂದೇ ಉಳಿಯುವ ಕೆಲವೇ ಕ್ಷಣಗಳಿಗಾಗಿ ಕುಣಿಯುವವರು ಕಾದು ನಿಂತಿರುವುದನ್ನು ಕಂಡುಕೊಂಡ ಈತ, ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಲೂ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಅದು ನುಡಿಯುತ್ತಿರುವಷ್ಟರಲ್ಲಿ ಮೊದಲಿನದರ ಮುಳ್ಳನ್ನು ಹಿಂದಕ್ಕೆ ತಂದಿಡುವ ಉಪಾಯವನ್ನು ರೂಢಿಸಿದ. ಪಲ್ಲವಿ ಚರಣಗಳನ್ನೆಲ್ಲ ಬದಿಗಿಟ್ಟು ತನಿ ಆವರ್ತನವನ್ನೇ ರಾತ್ರಿಯಿಡೀ ಬೆಳೆಸಿದಂತೆ ಎಂದರೆ ನಮ್ಮ ಕಚೇರಿಗಳ ರಸಿಕರಿಗೆ ಅರ್ಥವಾದೀತು. ಟರ್ನ್‌ಟೇಬಲ್ ಒಂದಲ್ಲ ಎರಡು ಬೇಕೆಂದು ನಮ್ಮ ಹುಡುಗ ಹೇಳಿದ ಖರ್ಚಿನ ಬಾಬತ್ತಿಗೆ ಕಾರಣ ಇದೇ.

ಅದೇ ಕೇರಿಯ ಇನ್ನೊಬ್ಬನ ಕಥೆ, ಕೊಳ್ಳುವವರಿಗೆ ಇದಕ್ಕಿಂತಲೂ ಪ್ರಯೋಜನಕರ. ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ ಜೋಸೆಫ್ ಸ್ಯಾಡ್ಲರ್, ಲೋಕಕ್ಕೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್, ವೃತ್ತಿಶಾಲೆಯಲ್ಲಿ ವಿದ್ಯುತ್ ವಿದ್ಯೆ ಓದಿದ ಹುಡುಗ. ಜನ ಎಸೆದ ಯಂತ್ರಗಳನ್ನು ಆರಿಸಿ ತಂದು ಬಿಚ್ಚಿ ಕಲಿತವನು. ಒಂದು ತಟ್ಟೆ ಸಭೆಗೆ ಕೇಳುತ್ತಿರುವಾಗ ಇನ್ನೊಂದನ್ನು ತಾನೊಬ್ಬನೇ ಕಿವಿಯಲ್ಲಿ ಕೇಳಿಕೊಳ್ಳುವ ಸೌಕರ್ಯ, ಎರಡರ ಸದ್ದನ್ನು ಬೆರೆಸುವ ಅವನ ಅಗ್ಗದ ಮಿಕ್ಸರಿನಲ್ಲಿರಲಿಲ್ಲ; ಸಣ್ಣದೊಂದು ಸ್ವಿಚ್ಚನ್ನು ಕೊಂಡುತಂದು, ಅಂಟು ಹಾಕಿ ಮಿಕ್ಸರಿಗೆ ಕೂರಿಸಿ, ಆ ಸೌಕರ್ಯವನ್ನು ತಾನೇ ನಿರ್ಮಿಸಿಕೊಂಡ. ತಟ್ಟೆಯ ಕೆಳಗಿನ ರಬ್ಬರು ಹಾಸು ಮುದ್ರಿಕೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದುದರಿಂದ ಅದನ್ನು ಕಿತ್ತು, ಉಣ್ಣೆಯ ಫೆಲ್ಟ್ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿ ಬಿರುಸುಗೊಳಿಸಿ ಹಾಸಿದ. ಹೀಗಾಗಿ ಕೆಳಗೆ ತಟ್ಟೆ ಓಡುತ್ತಲೇ ಇರುವುದು, ಮೇಲೆ ಮುದ್ರಿಕೆ ಅವನ ಬೆರಳ ಕೆಳಗೆ ನಿಂತಿರುವುದು. ಯಂತ್ರದ ಆಯ್ಕೆಯಲ್ಲಿಯೂ ಅವನು ಹೊಳಪಿಗೆ ಮರುಳಾಗಲಿಲ್ಲ. ಹಲವು ಯಂತ್ರಗಳನ್ನು ಚಾಲನೆಮಾಡಿ ನೋಡಿ, ನೋಟಕ್ಕೆ ಕಳಪೆಯಾದ ಟೆಕ್ನಿಕ್ಸ್‌ನ ಒಂದು ಸಾಧಾರಣ ಮಾದರಿಯನ್ನು, ನಿಂತ ತಟ್ಟೆ ಕಾಲು ಸುತ್ತಿನೊಳಗೆ ಪೂರ್ಣವೇಗಕ್ಕೆ ಬರುತ್ತದೆಂಬ ಒಂದೇ ಗುಣಕ್ಕಾಗಿ ತಾನು ಆರಿಸಿಕೊಂಡುದಾಗಿ ಅವನೇ ಹೇಳಿಕೊಂಡಿದ್ದಾನೆ.

ಈ ಒಂದು ಮಾತನ್ನು ಗಂಟುಕಟ್ಟಿಕೊಂಡು ಹೊರಟರೆ ಅಂಗಡಿಯಲ್ಲಿ ಮೋಸಹೋಗುವುದು ಬಹುಮಟ್ಟಿಗೆ ತಪ್ಪುತ್ತದೆಂದು ನನ್ನ ಅಭಿಪ್ರಾಯ. ತಟ್ಟೆ ಒಂದೇ ಸಮನೆ ಓಡುವುದು ದೊಡ್ಡ ಗುಣವಲ್ಲ. ನಮ್ಮ ತಂದೆಯವರ ಫಿಯೆಸ್ಟಾ ಕೂಡ ಒಂದೇ ಸಮನೆ ಓಡುತ್ತಿತ್ತು. ಕೈ ಅಡ್ಡ ಬಂದಾಗ ಅದು ಕಂಗೆಡದೆ ಇರುವುದು, ಕೈ ತೆಗೆದ ಮರುಗಳಿಗೆ ಏನೂ ನಡೆಯಲಿಲ್ಲವೆಂಬಂತೆ ತನ್ನ ವೇಗಕ್ಕೆ ಮರಳುವುದು, ಇದಕ್ಕಾಗಿ ಹಣ ಕೊಡತಕ್ಕದ್ದು. ಮಿಕ್ಕಿದ್ದೆಲ್ಲ ಅಲಂಕಾರ. ಹೀಗೆ ಕೈ ಅಡ್ಡ ತರುವುದೇ ವಿದ್ಯೆಯಾದ ಕಥೆಯೂ ಉಂಟು: 1975ರ ಸುಮಾರಿನಲ್ಲಿ, ಕೋಣೆಯಲ್ಲಿ ಗದ್ದಲ ಮಾಡುತ್ತಿದ್ದ ಹುಡುಗನೊಬ್ಬನ ತಾಯಿ ಬಾಗಿಲಲ್ಲಿ ನಿಂತು ಗದರಿದಾಗ, ಅವನು ಮುದ್ರಿಕೆಯನ್ನು ಕೈಯಲ್ಲಿ ತಡೆಹಿಡಿದು, ಆಕೆಯ ಮಾತು ಮುಗಿಯುವವರೆಗೂ ಅದನ್ನು ಅತ್ತಿತ್ತ ಆಡಿಸುತ್ತಿದ್ದನಂತೆ. ಆಗ ಕೇಳಿಬಂದ ಕಿರ್‌ಕಿರ್ ಸದ್ದೇ ‘ಸ್ಕ್ರ್ಯಾಚ್’ ಎಂಬ ವಿದ್ಯೆಯಾಯಿತು. ಆ ಹುಡುಗ, ಗ್ರ್ಯಾಂಡ್ ವಿಝರ್ಡ್ ಥಿಯೊಡೋರ್, ಕೀರ್ತಿವಂತನಾದ. ನನಗೆ ಒದಗಿದ್ದು ಬೆನ್ನಿನ ಮೇಲಿನ ಪೆಟ್ಟು. 1977ರ ಜುಲೈ 13ರ ರಾತ್ರಿ ನ್ಯೂಯಾರ್ಕ್ ನಗರದ ಬಹುಭಾಗ ಕತ್ತಲಲ್ಲಿ ಮುಳುಗಿ ಅಂಗಡಿಗಳು ಲೂಟಿಯಾದ ತರುವಾಯ ಬ್ರಾಂಕ್ಸಿನಲ್ಲಿ ಡಿಜೆಗಳ ಸಂಖ್ಯೆ ಏಕಾಏಕಿ ಏರಿತೆಂಬ ಐತಿಹ್ಯವೂ ಉಂಟು. ಆ ಬಗೆಯ ಮಿತವ್ಯಯವನ್ನು ನಾನು ನಮ್ಮ ಹುಡುಗನಿಗೆ ಸೂಚಿಸಲಿಲ್ಲ.

ತಟ್ಟೆಯನ್ನು ತಿರುಗಿಸುವ ಬಗೆಗಳಲ್ಲಿ ಇಂದು ಅಂಗಡಿಗಳಲ್ಲಿ ಮುಖ್ಯವಾಗಿ ಕಾಣುವವು ಎರಡು. ಮೊದಲನೆಯದರಲ್ಲಿ ಮೋಟಾರು ಒಂದು ಮೂಲೆಯಲ್ಲಿ ಕುಳಿತು, ಹೊಲಿಗೆಯಂತ್ರದ ಚಕ್ರಕ್ಕೆ ಪಟ್ಟಿ ಕಟ್ಟಿದಂತೆ, ರಬ್ಬರಿನ ಬೆಲ್ಟಿನ ಮೂಲಕ ತಟ್ಟೆಯನ್ನು ಎಳೆಯುತ್ತದೆ. ಮೋಟಾರಿನ ನಡುಕವನ್ನು ರಬ್ಬರು ನುಂಗಿಕೊಳ್ಳುವುದರಿಂದ ಸುಮ್ಮನೆ ಕುಳಿತು ಕೇಳುವವರಿಗೆ ಇದು ಒಳ್ಳೆಯದೇ, ಬೆಲೆಯೂ ಕಡಿಮೆ. ಆದರೆ ಮುದ್ರಿಕೆಯನ್ನು ತಡೆದಾಗ ಬೆಲ್ಟು ಹಿಗ್ಗುತ್ತದೆ, ಜಾರುತ್ತದೆ. ಬಿಟ್ಟಾಗ ಕುಗ್ಗುತ್ತ, ತತ್ತರಿಸುತ್ತ, ಮೆಲ್ಲಮೆಲ್ಲಗೆ ವೇಗಕ್ಕೆ ಬರುತ್ತದೆ. ಅಷ್ಟರೊಳಗೆ ತಾಳ ಕೈತಪ್ಪಿರುತ್ತದೆ. ಎರಡನೆಯ ಬಗೆಯಲ್ಲಿ ಬೆಲ್ಟೇ ಇಲ್ಲ. ಮೋಟಾರು ತಟ್ಟೆಯ ನಡುವಿನ ಅಚ್ಚಿನಲ್ಲಿಯೇ ಇದ್ದು ಅದರೊಡನೆ ನಿಧಾನವಾಗಿ ನಿಮಿಷಕ್ಕೆ 33 ಮತ್ತು ಮೂರನೆಯ ಒಂದು ಸುತ್ತು ತಿರುಗುತ್ತದೆ. ‘ಡೈರೆಕ್ಟ್ ಡ್ರೈವ್’ ಎಂಬ ಈ ವಿಧಾನವನ್ನು ಜಪಾನಿನ ಒಸಾಕಾ ಪ್ರಾಂತ್ಯದ ಮತ್ಸುಶಿತಾ ಸಂಸ್ಥೆಯವರು, ಶೂಯಿಚಿ ಒಬಾತಾ ಎಂಬ ಇಂಜಿನಿಯರರ ಪ್ರಯತ್ನದಿಂದ, ಟೆಕ್ನಿಕ್ಸ್ ಎಂಬ ತಮ್ಮ ಮುದ್ರೆಯ ಕೆಳಗೆ 1970ರಲ್ಲಿ ಎಸ್‌ಪಿ-10 ಎಂಬ ಯಂತ್ರವಾಗಿ ಮಾರುಕಟ್ಟೆಗಿಟ್ಟರು. 1972ರಲ್ಲಿ ಎಸ್‌ಎಲ್-1200 ಬಂದಿತು. ಅದು ಮನೆಯ ಕೋಣೆಯಲ್ಲಿ ಕುಳಿತು ಕೇಳುವ ರಸಿಕರಿಗಾಗಿ ಮಾಡಿದ್ದು. ಅದನ್ನು ಕುಣಿತದ ಮನೆಗೆ ಹೊತ್ತೊಯ್ದವರು ಡಿಜೆಗಳು. 1979ರ ಎರಡನೆಯ ಆವೃತ್ತಿಯಲ್ಲಿ, ಅಂದರೆ ಎಂಕೆ2ರಲ್ಲಿ, ವೇಗವನ್ನು ಶೇಕಡ 8ರಷ್ಟು ಏರಿಸಲೂ ಇಳಿಸಲೂ ಉದ್ದನೆಯ ಜಾರುಗುಂಡಿಯೊಂದನ್ನು ಬಲಬದಿಯಲ್ಲಿ ಕೂರಿಸಿದರು. ಅಂದಿನಿಂದ ಆ ಯಂತ್ರದ ಮುಖಲಕ್ಷಣ ಹೆಚ್ಚು ಬದಲಾಗಿಲ್ಲ.

ಈ ಜಾರುಗುಂಡಿಯ ಉಪಯೋಗವೇನೆಂದರೆ, ನಿಮಿಷಕ್ಕೆ 120 ಏಟಿನ ನಡೆಯುಳ್ಳ ಒಂದು ಹಾಡನ್ನು ಶೇಕಡ 5 ಏರಿಸಿದರೆ 126 ಏಟಿನ ಇನ್ನೊಂದರ ಜೊತೆಗೆ ಹೆಜ್ಜೆ ಕೂಡುತ್ತದೆ. ಆದರೆ ತಟ್ಟೆಯಲ್ಲಿ ಲಯವೂ ಶ್ರುತಿಯೂ ಗಂಟುಬಿದ್ದ ದಂಪತಿಗಳು. ಒಂದನ್ನು ಏರಿಸಿದರೆ ಇನ್ನೊಂದೂ ಏರುತ್ತದೆ, ಶೇಕಡ 6ಕ್ಕೆ ಹೆಚ್ಚುಕಡಮೆ ಒಂದು ಸ್ವರಸ್ಥಾನದಷ್ಟು. ಇದನ್ನು ಕೇಳಿದಾಗ ನನಗೆ ಸಣ್ಣ ನಡುಕ ಬಂದಿತೆಂಬುದನ್ನು ಮುಚ್ಚಿಡಲಾರೆ.

ಬಲದ ಮಾತಿಗೆ ಬರೋಣ. ಯಂತ್ರದ ವಿವರಪತ್ರದಲ್ಲಿ ‘ಟಾರ್ಕ್’ ಎಂಬುದೊಂದು ಅಂಕಿಯಿರುತ್ತದೆ. ಕೊಳ್ಳುವವನು ಮೊದಲು ಓದಬೇಕಾದದ್ದು ಅದನ್ನು. ಎಂಕೆ2ರಲ್ಲಿ ಅದು 1.5 ಕಿಲೋಗ್ರಾಂ-ಸೆಂಟಿಮೀಟರ್. ಹಾಗೆಂದರೆ, ನಡುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಒಂದೂವರೆ ಕಿಲೋ ತೂಕವನ್ನು ಎಳೆಯುವ ಶಕ್ತಿ. ಮುದ್ರಿಕೆಯ ಅಂಚು ನಡುವಿನಿಂದ 15 ಸೆಂಟಿಮೀಟರ್ ದೂರವಿರುವುದರಿಂದ ಅಲ್ಲಿ ಅದು ನೂರು ಗ್ರಾಂ ಮಾತ್ರ, ಒಂದು ಚಿಕ್ಕ ಕಾಫಿಪುಡಿ ಪೊಟ್ಟಣದ ತೂಕ. ಇಷ್ಟೇ ಬಲದಿಂದ, ನಿಂತ ತಟ್ಟೆ 0.7 ಸೆಕೆಂಡಿನಲ್ಲಿ ಪೂರ್ಣವೇಗಕ್ಕೆ ಬರುತ್ತದೆ. ಒಂದು ಪೂರ್ತಿ ಸುತ್ತಿಗೆ 1.8 ಸೆಕೆಂಡು ಬೇಕೆಂಬುದನ್ನು ನೆನೆದರೆ ಅದರ ಚುರುಕು ತಿಳಿದೀತು. ಈಚಿನ ಯಂತ್ರಗಳಲ್ಲಿ ಇದನ್ನು ಮೀರಿದವೂ ಇವೆ: ಪಯೊನೀರ್‌ನ ಪಿಎಲ್‌ಎಕ್ಸ್-1000ದ ಬಲ 4.5, ಅದರ ಅಗ್ಗದ ತಮ್ಮನಾದ ಪಿಎಲ್‌ಎಕ್ಸ್-500ರದು 1.6. ಬಲದ ಜೊತೆಗೆ ತಟ್ಟೆಗೆ ತೂಕವೂ ಬೇಕು. ಕುಂಬಾರನ ತಿಗರಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಲಿನಿಂದ ನಾಲ್ಕು ಸಲ ತಿರುವಿಬಿಟ್ಟರೆ ಆ ಭಾರದ ಚಕ್ರ ಮಣ್ಣಿನ ಮೇಲೆ ಕೈಯೊತ್ತಿದರೂ ಸುತ್ತುತ್ತಲೇ ಇರುತ್ತದೆ. ಅಗ್ಗದ ಟರ್ನ್‌ಟೇಬಲ್‌ನ ತಗಡಿನಂಥ ತಟ್ಟೆಗೆ ಆ ಧೈರ್ಯವಿಲ್ಲ.

ಇನ್ನು ಬೆಲೆ. ಮೂವತ್ತೈದು ಲಕ್ಷಕ್ಕೆ ಸಮೀಪವಾಗಿ ಮಾರಾಟವಾದ 1200 ಸರಣಿಯ ತಯಾರಿಕೆಯನ್ನು ಸಂಸ್ಥೆ 2010ರಲ್ಲಿ ನಿಲ್ಲಿಸಿತು; 2016ರಲ್ಲಿ ಮತ್ತೆ ಆರಂಭಿಸಿದಾಗ ಹೊರಟ ಮೊದಲ ಮಾದರಿ ಬರೇ 1,200 ಪ್ರತಿಗಳದು, ಬೆಲೆ 4,000 ಡಾಲರ್. ಅದು ಕೊಳ್ಳುವುದಕ್ಕಿಂತ ಪೂಜೆ ಮಾಡುವುದಕ್ಕೆ ತಕ್ಕದ್ದು. 2019ರಲ್ಲಿ ಎಂಕೆ7 ಬಂದು ಬೆಲೆ ಬಹಳಷ್ಟು ಇಳಿದರೂ ಅದು ನಮ್ಮ ಹುಡುಗನ ಎಟುಕಿಗೆ ಮೇಲೆಯೇ ಉಳಿಯಿತು. ಹೊಸದಾಗಿ, ಅಗ್ಗವಾಗಿ, ಡೈರೆಕ್ಟ್ ಡ್ರೈವ್ ಆಗಿ ಸಿಗುವವುಗಳಲ್ಲಿ ಆಡಿಯೊ-ಟೆಕ್ನಿಕಾದ ಎಲ್‌ಪಿ120, ಜರ್ಮನಿಯ ರೀಲೂಪ್‌ನ ಚಿಕ್ಕ ಮಾದರಿಗಳು, ಮೇಲೆ ಹೇಳಿದ ಪಿಎಲ್‌ಎಕ್ಸ್-500 ಮುಂತಾದವು ಉಂಟು. ಹೆಸರು ಬೇರೆ ಬೇರೆಯಾದರೂ ಇಂಥ ಯಂತ್ರಗಳಲ್ಲಿ ಬಹಳಷ್ಟು ತೈವಾನಿನ ಹಾನ್‌ಪಿನ್ ಎಂಬ ಒಂದೇ ತಯಾರಕರ ಮನೆಯಿಂದ ಬಂದ ಅಣ್ಣತಮ್ಮಂದಿರು. ಆದಕಾರಣ ಹೆಸರಿನ ಮೋಹಕ್ಕೆ ಹೆಚ್ಚು ತೆರಬೇಕಾಗಿಲ್ಲ. ನನ್ನ ಕಣ್ಣು ಇವುಗಳಲ್ಲಿ 78ರ ವೇಗವಿದ್ದವುಗಳ ಮೇಲೆಯೇ ಮತ್ತೆ ಮತ್ತೆ ಹೋಗುತ್ತಿತ್ತು. “ಇದನ್ನು ನೋಡಪ್ಪಾ, ಮೂರು ವೇಗ ಇದೆ” ಎಂದು ನಾನು ಮೂರನೆಯ ಸಲ ಅಂದಾಗ ಹುಡುಗ ನಕ್ಕು, “ಮಾವ, ಅಟ್ಟದ ಪೆಟ್ಟಿಗೆ ನನಗೂ ಗೊತ್ತು” ಎಂದ.

ಹೊಸದರಲ್ಲಿ ಎರಡು ಸಾಧಾರಣ ಯಂತ್ರಗಳನ್ನು ಕೊಂಡರೆ ಮಿಕ್ಸರಿಗೆ ಹಣವಿಲ್ಲ; ಬೆಲ್ಟಿನವು ಎರಡು ಕೊಂಡರೆ ಹಣ ಉಳಿಯುತ್ತದೆ, ವಿದ್ಯೆ ಉಳಿಯುವುದಿಲ್ಲ. ಹೀಗೆ ಲೆಕ್ಕ ಹಾಕಿ ಹಾಕಿ ಕೊನೆಗೆ ಹಳೆಯದನ್ನು ಹುಡುಕುವುದೆಂದು ತೀರ್ಮಾನಿಸಿದೆವು. ಮೊದಲು ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಒಂದು ಬೆಳಗು ಅಲೆದೆವು. ಯಂತ್ರವಿಲ್ಲದ ಹಿತ್ತಾಳೆ ಕೊಳವೆಗಳು, ಮೋಟಾರಿಲ್ಲದ ಪೆಟ್ಟಿಗೆಗಳು, ಪೆಟ್ಟಿಗೆಯಿಲ್ಲದ ಮೋಟಾರುಗಳು ಹೇರಳವಾಗಿದ್ದವು. ಬಳಿಕ ಅಮೆರಿಕದಿಂದ ಮರಳಿದ ಗೃಹಸ್ಥರೊಬ್ಬರ ಮನೆಗೆ ಹೋದೆವು. ಅವರಲ್ಲಿದ್ದದ್ದು ಎಪ್ಪತ್ತರ ದಶಕದ, ಮರದ ಕಟ್ಟಿನ, ನೋಡಿದರೆ ಕೈಮುಗಿಯಬೇಕೆನಿಸುವ ಬೆಲ್ಟಿನ ಯಂತ್ರ. “ಟ್ರಾನ್ಸ್‌ಫಾರ್ಮರ್ ಹಾಕಿಬಿಟ್ಟರೆ ಆಯಿತು” ಎಂದು ಅವರು ಚಾಲನೆಮಾಡಿದರು. ತಟ್ಟೆ ತಿರುಗಿತು, ಹಾಡುಗಾರ ಮಾತ್ರ ಜ್ವರದಿಂದೆದ್ದವನಂತೆ ಎಳೆದೆಳೆದು ಹಾಡಿದ. ಟ್ರಾನ್ಸ್‌ಫಾರ್ಮರು 230 ವೋಲ್ಟನ್ನು 120ಕ್ಕೆ ಇಳಿಸಬಲ್ಲುದೇ ಹೊರತು ನಮ್ಮ ವಿದ್ಯುತ್ತಿನ 50 ಆವರ್ತನವನ್ನು ಅಲ್ಲಿಯ 60 ಮಾಡಲಾರದು. ಆವರ್ತನವನ್ನೇ ನೆಚ್ಚಿಕೊಂಡ ಆ ಹಳೆಯ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿದು, ಶ್ರುತಿಯನ್ನು ಮೂರು ಸ್ವರಸ್ಥಾನ ಕೆಳಕ್ಕೆ ತಂದಿತ್ತು. ಇದನ್ನು ಹೇಳಿದಾಗ ಆ ಗೃಹಸ್ಥರು, ಹಲವು ವರ್ಷಗಳಿಂದ ತಾವು ಹಾಗೆಯೇ ಕೇಳುತ್ತಿರುವುದಾಗಿಯೂ, ತಮಗೆ ಅದೇ ಹಿತವಾಗಿರುವುದಾಗಿಯೂ ಬೇಸರದಿಂದ ನುಡಿದು ಕಾಫಿ ಕೊಟ್ಟರು.

ಮೂರನೆಯ ಜಾಗದಲ್ಲಿ ಎಂಕೆ2 ಸಿಕ್ಕಿತು, ಒಂಟಿಯಾಗಿ. ಅದೂ ಅಮೆರಿಕದ್ದೇ, ಆದರೆ ಅದರ ವೇಗವನ್ನು ಒಳಗಿನ ಕ್ವಾರ್ಟ್ಸ್ ಹರಳು ನಿಯಮಿಸುವುದರಿಂದ ಆವರ್ತನದ ಗೊಡವೆಯಿಲ್ಲ, ಟ್ರಾನ್ಸ್‌ಫಾರ್ಮರ್ ಒಂದಿದ್ದರೆ ನಿಜವಾಗಿಯೂ ಸಾಕು. ಧೂಳಿನ ಮುಚ್ಚಳ ಕಳೆದುಹೋಗಿತ್ತು, ಮುಳ್ಳಿಗೆ ಬೆಳಕು ತೋರುವ ಪುಟ್ಟ ದೀಪ ಸತ್ತಿತ್ತು, ಮೈಮೇಲೆ ಗೀರುಗಳಿದ್ದವು. ಇವೆಲ್ಲ ಕೊಳ್ಳುವವನ ಭಾಗ್ಯವೆಂದೇ ತಿಳಿಯಬೇಕು, ಚೌಕಾಸಿಗೆ ಅನುಕೂಲ. ನಿಜವಾಗಿ ಪರೀಕ್ಷಿಸತಕ್ಕವು ಬೇರೆ. ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕೆಗಳಿವೆ. ಕೆಂಪು ದೀಪದ ಬೆಳಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಚುಕ್ಕೆಗಳ ಸಾಲು, ವೇಗ ಸರಿಯಾಗಿದ್ದರೆ, ಓಡುವ ತಟ್ಟೆಯ ಮೇಲೆ ನಿಂತಂತೆ ಕಾಣಬೇಕು. ಹುಡುಗ ಜಾರುಗುಂಡಿಯನ್ನು ಕೂದಲೆಳೆಯಷ್ಟು ಸರಿಸಿ ಆ ಚುಕ್ಕೆಗಳು ಕೂಡಲೇ ತೆವಳತೊಡಗುವುವೋ ಇಲ್ಲವೋ ನೋಡಿದ, ಏಕೆಂದರೆ ಸವೆದ ಗುಂಡಿಗಳು ಸೊನ್ನೆಯ ಅಕ್ಕಪಕ್ಕದಲ್ಲಿ ಕಿವುಡಾಗಿರುತ್ತವೆ. ಮುಳ್ಳಿನ ತೋಳನ್ನು ತೂಕಗುಂಡಿನಿಂದ ತಕ್ಕಡಿಯಂತೆ ಸಮಮಾಡಿ ಗಾಳಿಯಲ್ಲಿ ತೇಲಿಬಿಟ್ಟು ಊದಿದ, ಉಸಿರಿಗೇ ಅಲುಗಿತು. ತೋಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಕೀಲಿನಲ್ಲಿ ಸಡಿಲವಿದೆಯೋ ಎಂದು ಹಲ್ಲುನೋವಿನ ವೈದ್ಯನಂತೆ ಪರೀಕ್ಷಿಸಿದ. ವೈರುಗಳನ್ನು ತಿರುಚಿ ಗುಂಯ್‌ಗುಡುವುದೋ ಎಂದು ಕೇಳಿದ. ಒಂದು ಬದಿ ಗುಂಯ್‌ಗುಟ್ಟಿತು, ಅದರ ಭೂಸಂಪರ್ಕದ ತಂತಿ ಕಿತ್ತಿತ್ತು, ಬೆಸುಗೆಯ ಕೆಲಸ. ಕೊನೆಯದಾಗಿ ಫ್ಲ್ಯಾಶ್‌ನ ಪರೀಕ್ಷೆ: ಓಡುವ ತಟ್ಟೆಯ ಮೇಲೆ ಮುದ್ರಿಕೆಯನ್ನು ಅಂಗೈಯಿಂದ ತಡೆದು, ತಡೆದಷ್ಟು ಹೊತ್ತೂ ಚುಕ್ಕೆಗಳು ನಿಂತೇ ಇವೆಯೇ ಎಂದು ಕಣ್ಣಿಟ್ಟು, ಬಿಟ್ಟ. ಹಾಡು, ಮಾತಿನ ನಡುವೆ ಎದ್ದುಹೋದವನು ಅದೇ ಅಕ್ಷರಕ್ಕೆ ಮರಳಿ ಬಂದಂತೆ, ಬಂದಿತು. ನಲವತ್ತೆರಡು ಸಾವಿರಕ್ಕೆ ವ್ಯವಹಾರ ಕುದುರಿತು. ಹನ್ನೊಂದು-ಹನ್ನೆರಡು ಕಿಲೋ ತೂಗುವ ಅದನ್ನು ಮೂರು ಅಂತಸ್ತು ಇಳಿಸಿದ್ದು ಅವನು. ನಾನು ತಟ್ಟೆಯೊಂದನ್ನು ಮಾತ್ರ ಹೊತ್ತೆ.

ಕೊಳ್ಳುವವರು ಲೆಕ್ಕಕ್ಕೆ ತರಲು ಮರೆಯುವುದು ಮುಳ್ಳನ್ನು. ಯಂತ್ರದ ಮೇಲೆ ಹಣವೆಲ್ಲ ಸುರಿದು, ಅದರ ತುದಿಗೆ ಸಿಕ್ಕಿದ್ದನ್ನು ಸಿಕ್ಕಿಸುವುದು, ಮದುವೆಗೆ ಸಾಲಮಾಡಿ ಅಡಿಗೆಯವನಿಗೆ ಜಿಪುಣತನ ತೋರಿದಂತೆ. ಮನೆಯಲ್ಲಿ ಕೇಳುವವರು ಮೆಚ್ಚುವ ಅಂಡಾಕಾರದ ಸೂಕ್ಷ್ಮ ತುದಿ ಈ ಕೆಲಸಕ್ಕೆ ಒದಗದು. ಹಿಂದುಮುಂದಾಗಿ ಎಳೆದಾಗ ಅದು ಗೀರನ್ನು ಕೆರೆಯುತ್ತದೆ. ದುಂಡು ತುದಿಯದು, ಒಂದೂವರೆಯ ಬದಲು ಮೂರು-ನಾಲ್ಕು ಗ್ರಾಂ ಒತ್ತಡವನ್ನು ತಡೆಯುವಂಥದು ಬೇಕು. ಸ್ಕ್ರ್ಯಾಚ್ ಮಾಡುವವರು ಬಹುಕಾಲ ಕುಲದೇವತೆಯಂತೆ ನಂಬಿದ್ದ ಶೂರ್ ಸಂಸ್ಥೆಯ ಎಂ44-7, ಆ ಸಂಸ್ಥೆ 2018ರಲ್ಲಿ ಮುಳ್ಳುಗಳ ತಯಾರಿಕೆಯನ್ನೇ ಕೈಬಿಟ್ಟದ್ದರಿಂದ ಇಲ್ಲವಾಗಿದೆ; ಡೆನ್ಮಾರ್ಕಿನ ಆರ್ಟೋಫೋನ್‌ನ ಕಾಂಕಾರ್ಡ್ ಬಗೆಯವು ಚಾಲ್ತಿಯಲ್ಲಿವೆ, ತುಟ್ಟಿ. ನಮ್ಮವನು ಅದಕ್ಕಿಂತ ಅಗ್ಗದ ಒಂದನ್ನು ಏಳು ಸಾವಿರಕ್ಕೆ ಕೊಂಡ. ಯಾರದೋ ಹಳೆಯ ಎರಡು ಮಾರ್ಗದ ಮಿಕ್ಸರಿಗೆ ಆರು ಸಾವಿರ, ಎಸ್‌ಪಿ ರೋಡಿನಲ್ಲಿ ಟ್ರಾನ್ಸ್‌ಫಾರ್ಮರಿಗೆ ಎರಡು ಸಾವಿರ. ಮುಳ್ಳಿನಿಂದ ಬರುವ ಸಂಕೇತ ವೋಲ್ಟಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ಕ್ಷೀಣವಾದುದರಿಂದ ಅದನ್ನು ಹಿಗ್ಗಿಸುವ ‘ಫೋನೊ’ ಪ್ರವೇಶ ಮಿಕ್ಸರಿನಲ್ಲಿಯೇ ಇರಬೇಕು. ಇಲ್ಲದಿದ್ದರೆ ಅದಕ್ಕೆ ಬೇರೆ ಖರ್ಚು. ಫೆಲ್ಟಿನ ಹಾಸನ್ನು ಚಿಕ್ಕಪೇಟೆಯಲ್ಲಿ ಮೀಟರಿನ ಲೆಕ್ಕದಲ್ಲಿ ಕೊಂಡು ಅವನ ತಾಯಿಯೇ ಕತ್ತರಿಸಿ, ಅನ್ನದ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟಳು. ಬ್ರಾಂಕ್ಸಿನ ತಾಯಂದಿರ ವಿಷಯ ಅವಳಿಗೆ ಆ ತನಕ ಯಾರೂ ಹೇಳಿರಲಿಲ್ಲ. ಸ್ಪೀಕರಿನ ಅದುರು ಮುಳ್ಳಿಗೆ ಏರದಂತೆ ಯಂತ್ರದ ಕೆಳಗೆ ಅಡಿಗೆಮನೆಯ ಕಟ್ಟೆಯಲ್ಲಿ ಮಿಕ್ಕಿದ್ದ ಕಡಪ ಕಲ್ಲಿನ ತುಂಡು, ಅದರ ಕೆಳಗೆ ಸೈಕಲ್ಲಿನ ಟ್ಯೂಬು.

ಎರಡನೆಯ ತಟ್ಟೆಯ ಸ್ಥಾನದಲ್ಲಿ ಸದ್ಯಕ್ಕೆ ಅವನ ಫೋನು ಇದೆ. ಒಂದು ಕಡೆ ಫೋನಿನಲ್ಲಿ ತಾಳ, ಇನ್ನೊಂದು ಕಡೆ ಕೈಯಲ್ಲಿ ತಟ್ಟೆ. ಎರಡು ಕೆಟ್ಟವುಗಳಿಗಿಂತ ಒಂದು ಒಳ್ಳೆಯದನ್ನು ಮೊದಲು ಕೊಳ್ಳುವುದು ಮೇಲೆಂದು ನಾನು ಹೇಳಿದ್ದು ಈ ವ್ಯವಹಾರದಲ್ಲಿ ನನ್ನ ಒಂದೇ ಕೊಡುಗೆ. ಮದುವೆಮನೆಗಳಲ್ಲಿ ಹಾಡು ಹಾಕಿ ಸಂಪಾದಿಸುವುದಷ್ಟೇ ಉದ್ದೇಶವಾಗಿದ್ದರೆ ತಟ್ಟೆಯ ಗೋಜೇ ಬೇಡ, ಗಣಕಕ್ಕೆ ಜೋಡಿಸುವ ಕಂಟ್ರೋಲರ್ ಸಾಕು. ಇದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹಾಡಿನ ಮುದ್ರಿಕೆಗಳು ದುಬಾರಿಯೆಂಬುದಕ್ಕೂ ಉಪಾಯವಿದೆ: ಸಂಗೀತದ ಬದಲು ಕಾಲದ ಗುರುತುಗಳನ್ನು ಮಾತ್ರ ಕೊರೆದ ವಿಶೇಷ ಮುದ್ರಿಕೆಯೊಂದನ್ನು ತಟ್ಟೆಯ ಮೇಲಿಟ್ಟರೆ, ಗಣಕವು ಆ ಗುರುತುಗಳನ್ನು ಓದಿ, ಕೈಯ ಪ್ರತಿ ಚಲನೆಯನ್ನೂ ತನ್ನೊಳಗಿನ ಹಾಡಿಗೆ ಆರೋಪಿಸುತ್ತದೆ. ಸೆರಾಟೊ ಮುಂತಾದ ತಂತ್ರಾಂಶಗಳಲ್ಲದೆ ಮಿಕ್ಸ್ ಎಂಬ ಉಚಿತವಾದದ್ದೂ ಇದನ್ನು ಮಾಡುತ್ತದೆ. ಒಂದೇ ತಟ್ಟೆಯಲ್ಲಿ ಜಗತ್ತಿನ ಹಾಡೆಲ್ಲ. ಅದ್ವೈತಿಗಳು ಯೋಚಿಸಬೇಕಾದ ವಿಷಯ.

ಎಂಕೆ2ರಲ್ಲಿ 78ರ ವೇಗವಿಲ್ಲ. ನನ್ನ ಗುಪ್ತ ಕಾರಣ ಹೀಗೆ ಮಣ್ಣುಗೂಡಿದ್ದನ್ನು ನಾನು ಪ್ರೌಢವಾಗಿಯೇ ಸಹಿಸಿದ್ದೆ. ಆದರೆ ಯುಗಾದಿಯ ಮರುದಿನ ಹುಡುಗ ಅಟ್ಟದ ಪೆಟ್ಟಿಗೆಯನ್ನು ತಾನೇ ಇಳಿಸಿ, ಅರಗಿನ ತಟ್ಟೆಯ ಅಗಲವಾದ ಗೀರಿಗೆ ತಕ್ಕ ದಪ್ಪತುದಿಯ ಬೇರೊಂದು ಮುಳ್ಳನ್ನು ಜೇಬಿನಿಂದ ತೆಗೆದ. ಬೆಲೆ ಕೇಳಿದರೆ ಹೇಳಲಿಲ್ಲ. 78ರದನ್ನು 45ರ ವೇಗದಲ್ಲಿಯೇ ನುಡಿಸಿ ಗಣಕಕ್ಕೆ ತುಂಬಿಕೊಂಡು, ಆಮೇಲೆ ವೇಗವನ್ನು 1.73 ಪಟ್ಟು ಮಾಡಿದರೆ ಸರಿಹೋಗುತ್ತದೆ ಎಂದು ವಿವರಿಸಿ, ಅಜ್ಜಿಗೆ ಪ್ರಿಯವಾಗಿದ್ದ ಒಂದು ದೇವರನಾಮದ ತಟ್ಟೆಯನ್ನು ಏರಿಸಿದ. ನಾನು ಅಭ್ಯಾಸಬಲದಿಂದ ಕೈಕಟ್ಟಿ ಕುಳಿತೆ. ಹಾಡಿದಾಕೆಯ ಕಂಠ, ಸುಮಾರು ಒಂಬತ್ತೂವರೆ ಸ್ವರಸ್ಥಾನ ಕೆಳಗಿಳಿದು, ಗಂಭೀರವಾಗಿ, ಮಂದ್ರವಾಗಿ, ಒಂದೊಂದು ಅಕ್ಷರಕ್ಕೂ ಆಳವಾದ ಉಸಿರೆಳೆದುಕೊಳ್ಳುತ್ತ ಕೋಣೆಯನ್ನು ತುಂಬಿತು. ಒಬ್ಬಟ್ಟು ಬಿಸಿಮಾಡುತ್ತಿದ್ದ ತಂಗಿ ಅಡಿಗೆಮನೆಯಿಂದಲೇ ಕೂಗಿ ಕೇಳಿದಳು: “ಯಾರಣ್ಣ ಅದು, ಇಷ್ಟು ಚೆನ್ನಾಗಿ ಹಾಡೋ ಗಂಡಸು?”